ಹೆಸರು ನಮ್ಮದು, ಸಾಲ ಮತ್ತೊಬ್ಬರದು: ತಪ್ಪು ವಸೂಲಿ ವರದಿಯೂ ಕೈಯಲ್ಲಿರುವ ಕ್ರೆಡಿಟ್ ಕಾರ್ಡೂ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಯಾರಾದರೊಬ್ಬರು ‘ಎರ್ರಿಸ್ವಾಮಿ’ ಎಂದು ಗಟ್ಟಿಯಾಗಿ ಕರೆದರೆ ಮೂರು ತಲೆಗಳಾದರೂ ತಿರುಗದೆ ಇರಲಾರವು. ಚೆಳ್ಳಗುರ್ಕಿಯ ಎರ್ರಿತಾತನವರ ಮೇಲಣ ಭಕ್ತಿಯಿಂದ ಆ ಹೆಸರು ಈ ಸೀಮೆಯ ಮನೆಮನೆಗಳಲ್ಲಿ ನೆಲೆಸಿದೆ. ಕುರುಗೋಡಿನ ದೊಡ್ಡಬಸವೇಶ್ವರನ ದೆಸೆಯಿಂದ ದೊಡ್ಡಬಸಪ್ಪ, ಬಸವರಾಜ ಎಂಬ ಹೆಸರುಗಳೂ, ಹಂಪೆಯ ವಿರೂಪಾಕ್ಷನ ದೆಸೆಯಿಂದ ಪಂಪಾಪತಿ ಎಂಬ ಹೆಸರೂ ಅಷ್ಟೇ ಸಾಮಾನ್ಯವಾದವು. ಆದರೂ ಊರಿನೊಳಗೆ ಈ ಹೆಸರುಗಳಿಂದ ಯಾರಿಗೂ ಎಂದೂ ಭ್ರಾಂತಿಯುಂಟಾದುದಿಲ್ಲ. ಗಿರಣಿಯ ಎರ್ರಿಸ್ವಾಮಿ ಬೇರೆ, ಟೇಲರ್ ಎರ್ರಿಸ್ವಾಮಿ ಬೇರೆ, ಕಾಲುವೆಯಾಚೆಯ ಹೊಲದ ಎರ್ರಿಸ್ವಾಮಿ ಬೇರೆ ಎಂಬುದನ್ನು ಅಂಗಡಿಯವನೂ ಬಲ್ಲ, ಅಂಚೆಯವನೂ ಬಲ್ಲ. ಇದನ್ನು ಅರಿಯದಿರುವುದು, ಸಾವಿರ ಮೈಲಿಗಳಾಚೆ ಎಲ್ಲಿಯೋ ಕುಳಿತು ನಮ್ಮೆಲ್ಲರ ಸಾಲದ ಲೆಕ್ಕವನ್ನು ಇಟ್ಟಿರುವ ಒಂದು ಯಂತ್ರ ಮಾತ್ರ.

ಸಾಲ ಕೊಡುವುದಕ್ಕೆ ಆಧಾರವಾದ ನಂಬುಗೆಗೆ ಕನ್ನಡದಲ್ಲಿ ‘ಪತ್ತು’ ಎಂಬ ಚೊಕ್ಕವಾದ ಮಾತಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘದಿಂದ ಮೊದಲ್ಗೊಂಡು ಇಂದಿನ ಬೀದಿಬೀದಿಯ ಪತ್ತಿನ ಸಂಘಗಳವರೆಗೆ ಆ ಮಾತು ಜೀವಂತವಾಗಿ ನಡೆದು ಬಂದಿದೆ. ಆಗ ಒಬ್ಬಾತನ ಪತ್ತು ಎಂಬುದು ಆತನ ಮುಖವನ್ನು ಕಂಡಿದ್ದವರ ಬಾಯಲ್ಲಿ ಇರುತ್ತಿತ್ತು. ಈಗಲಾದರೋ ಅದು ಆತನ ಮುಖವನ್ನೆಂದೂ ಕಾಣದ ಒಂದು ಸಂಸ್ಥೆಯ ದಾಖಲೆಯಲ್ಲಿ ಅಕ್ಷರಗಳಾಗಿಯೂ ಅಂಕಿಗಳಾಗಿಯೂ ಇರುತ್ತದೆ. ಅಕ್ಷರವೊಂದು ತಪ್ಪಿದರೆ ಪತ್ತು ತಪ್ಪುತ್ತದೆ. ಪತ್ತು ತಪ್ಪಿದರೆ, ಹೊಸ ಸಾಲ ಸಿಕ್ಕದೆಹೋಗುವುದು ಹಾಗಿರಲಿ, ವರ್ಷಗಳಿಂದ ಕೈಯಲ್ಲಿಟ್ಟುಕೊಂಡು ತಪ್ಪದೆ ಬಿಲ್ಲು ಕಟ್ಟುತ್ತ ಬಂದ ಕ್ರೆಡಿಟ್ ಕಾರ್ಡಿಗೂ ಅದರ ಬಿಸಿ ತಟ್ಟುತ್ತದೆ. ಇದು ಹೇಗೆ ನಡೆಯುತ್ತದೆ, ನಡೆದಾಗ ಯಾವ ಬಾಗಿಲನ್ನು ಯಾವ ಕ್ರಮದಲ್ಲಿ ತಟ್ಟಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವರದಿ ಹುಟ್ಟುವ ಸ್ಥಳ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ದೂರವಾಣಿಯಲ್ಲಿ ಗದರಿಸುವ ರಿಕವರಿ ಏಜೆಂಟನು, ‘ಈಗಲೇ ಕಟ್ಟದಿದ್ದರೆ ನಿಮ್ಮ ಸಿಬಿಲ್ ಕೆಡಿಸುತ್ತೇನೆ’ ಎಂದು ಹೇಳಿದರೂ, ಹಾಗೆ ಕೆಡಿಸುವ ಅಧಿಕಾರ ನಮ್ಮ ದೇಶದ ವ್ಯವಸ್ಥೆಯಲ್ಲಿ ಆತನಿಗಿಲ್ಲ. ಅಮೆರಿಕದಲ್ಲಿ ವಸೂಲಿ ಕಂಪನಿಗಳು ತಾವೇ ನೇರವಾಗಿ ವರದಿ ಸಲ್ಲಿಸುವ ರೂಢಿಯುಂಟು. ಇಲ್ಲಿ ವರದಿಯನ್ನು ಸಲ್ಲಿಸತಕ್ಕವರು ಸಾಲ ಕೊಟ್ಟ ಬ್ಯಾಂಕು, ಹಣಕಾಸು ಕಂಪನಿ ಅಥವಾ ಸಾಲವನ್ನು ಕೊಂಡುಕೊಂಡ ಆಸ್ತಿ ಪುನರ್ನಿರ್ಮಾಣ ಕಂಪನಿ. ಏಜೆಂಟನು ಅವರ ದೂತ ಮಾತ್ರ. ದೂತನೊಡನೆ ಎಷ್ಟು ಹೊತ್ತು ವಾದಿಸಿದರೂ ದಾಖಲೆಯಲ್ಲಿ ಒಂದಕ್ಷರವೂ ಬದಲಾಗದು.

ಆ ವರದಿಗಳನ್ನು ಸ್ವೀಕರಿಸಿ ಇಟ್ಟುಕೊಳ್ಳುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಇವುಗಳಲ್ಲಿ ಹಿರಿಯದಾದುದರಿಂದ ಜನರ ಬಾಯಲ್ಲಿ ನಾಲ್ಕಕ್ಕೂ ಅದರ ಹೆಸರೇ ನಿಂತುಬಿಟ್ಟಿದೆ. ಆದರೆ ಒಂದರಲ್ಲಿರುವ ತಪ್ಪು ಮತ್ತೊಂದರಲ್ಲಿ ಇರದಿರಬಹುದು, ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಹಾಗೆಯೇ ಉಳಿದಿರಲೂಬಹುದು. ಇವೆಲ್ಲವೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಗೂ ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶಗಳಿಗೂ ಅಧೀನವಾದವು. 2025ರ ಜನವರಿ 1ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಈ ಸಂಸ್ಥೆಗಳಿಗೆ ಮಾಹಿತಿ ಸಲ್ಲಿಸಬೇಕೆಂದಾಗಿರುವುದರಿಂದ, ಸರಿಯಾದ ಸಂಗತಿ ಬೇಗ ತಲಪುವಂತೆಯೇ ತಪ್ಪು ಸಂಗತಿಯೂ ಬೇಗನೆ ತಲಪುತ್ತದೆ.

ತಪ್ಪು ಒಳಸೇರುವ ದಾರಿಗಳು

ಯಂತ್ರವು ಒಬ್ಬ ಮನುಷ್ಯನನ್ನು ಗುರುತಿಸುವುದು ಹೆಸರು, ಜನ್ಮದಿನಾಂಕ, ಪ್ಯಾನ್ ಸಂಖ್ಯೆ, ದೂರವಾಣಿ ಸಂಖ್ಯೆ, ವಿಳಾಸ ಮೊದಲಾದ ಕೆಲವೇ ಕುರುಹುಗಳಿಂದ. ಇವುಗಳಲ್ಲಿ ನಮ್ಮ ಸೀಮೆಯ ಸ್ಥಿತಿ ಹೇಗಿದೆಯೆಂಬುದನ್ನು ಆಲೋಚಿಸಿ. ಎರ್ರಿಸ್ವಾಮಿ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತನು ‘ವೈ’ ಅಕ್ಷರದಿಂದಲೂ ಮತ್ತೊಬ್ಬನು ‘ಇ’ ಅಕ್ಷರದಿಂದಲೂ ಆರಂಭಿಸುತ್ತಾನೆ. ಮನೆತನದ ಹೆಸರು ಇದ್ದರೆ ಒಂದು ದಾಖಲೆಯಲ್ಲಿ ಮೊದಲು ಬರುತ್ತದೆ, ಇನ್ನೊಂದರಲ್ಲಿ ಕೊನೆಗೆ ಬರುತ್ತದೆ, ಮೂರನೆಯದರಲ್ಲಿ ಬರೀ ಇನಿಷಿಯಲ್ ಆಗಿ ಉಳಿಯುತ್ತದೆ. ಜನ್ಮದಿನಾಂಕವೋ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಜೂನ್ 1. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ, ಒಂದೇ ವರ್ಷದ, ಒಂದೇ ಜೂನ್ 1ರ ಇಬ್ಬರು ಸಿಕ್ಕುವುದು ಇಲ್ಲಿ ಸೋಜಿಗವೇನೂ ಅಲ್ಲ. ಇನ್ನು ವಿಳಾಸ: 2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರೇ ‘ಬೆಳ್ಳಾರಿ’ ಎಂಬ ಹಳೆಯ ಕಾಗುಣಿತದಿಂದ ‘ಬಳ್ಳಾರಿ’ ಎಂಬುದಕ್ಕೆ ಬದಲಾಯಿತು, ಈಚಿನವರೆಗೆ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡು ತಾನೇ ಒಂದು ತಾಲ್ಲೂಕಾಯಿತು. ಹೀಗಿರುವಲ್ಲಿ ಹಳೆಯ ಸಣ್ಣ ಸಾಲವೊಂದಕ್ಕೆ ಪ್ಯಾನ್ ಸಂಖ್ಯೆಯನ್ನು ಬರೆದುಕೊಳ್ಳದೆಯೇ ಬಿಟ್ಟಿದ್ದರೆ, ಅಥವಾ ಅದರ ಹತ್ತು ಅಕ್ಷರಾಂಕಗಳಲ್ಲಿ ಒಂದನ್ನು ತಪ್ಪಾಗಿ ಬರೆದಿದ್ದರೆ, ಒಬ್ಬರ ಸುಸ್ತಿ ಬಾಕಿ ಇನ್ನೊಬ್ಬರ ಖಾತೆಗೆ ಹೋಗಿ ಅಂಟಿಕೊಳ್ಳುವುದಕ್ಕೆ ಹೆಚ್ಚು ಸಮಯ ಬೇಕಾಗದು.

ಎರಡನೆಯ ದಾರಿ ಬ್ಯಾಂಕುಗಳ ವಿಲೀನದ್ದು. ಹತ್ತು ವರ್ಷಗಳಿಂದೀಚೆಗೆ ನಮ್ಮ ಪಾಸ್‌ಬುಕ್ಕುಗಳ ಮೇಲಣ ಹೆಸರುಗಳು ಎಷ್ಟು ಬಾರಿ ಬದಲಾದುವೆಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. 2017ರ ಏಪ್ರಿಲ್ 1ರಂದು ಮೈಸೂರು ಮತ್ತು ಹೈದರಾಬಾದ್ ಸ್ಟೇಟ್ ಬ್ಯಾಂಕುಗಳು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕುಗಳು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದುವು. ಬಳ್ಳಾರಿಯಲ್ಲಿಯೇ ಕೇಂದ್ರ ಕಚೇರಿಯುಳ್ಳ ಗ್ರಾಮೀಣ ಬ್ಯಾಂಕು ತುಂಗಭದ್ರಾ, ಪ್ರಗತಿ, ಪ್ರಗತಿ ಕೃಷ್ಣ ಎಂಬ ಹೆಸರುಗಳನ್ನು ದಾಟಿ, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕನ್ನೂ 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಕೊಂಡು ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ಇಂತಹ ಪ್ರತಿಯೊಂದು ಸಂಕ್ರಮಣದಲ್ಲಿಯೂ ಲಕ್ಷಾಂತರ ಖಾತೆಗಳು ಒಂದು ಕಡತದಿಂದ ಮತ್ತೊಂದಕ್ಕೆ ಸಾಗಬೇಕಾಗುತ್ತದೆ. ಹಾಗೆ ಸಾಗುವಾಗ, ತೀರಿಹೋದ ಸಾಲವೊಂದು ತೀರದಂತೆ ಉಳಿಯುವುದೂ, ಒಂದೇ ಸಾಲ ಎರಡು ಬ್ಯಾಂಕುಗಳ ಹೆಸರಿನಲ್ಲಿ ಎರಡು ಬಾರಿ ಕಾಣುವುದೂ ಸಂಭವನೀಯ.

ಉಳಿದ ದಾರಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕೇಳದೆಯೇ ಕಳುಹಿಸಿದ, ಎಂದೂ ಬಳಸದ ಕಾರ್ಡಿನ ವಾರ್ಷಿಕ ಶುಲ್ಕ ಬೆಳೆದು ಬಾಕಿಯಾಗಿರಬಹುದು. ನೆಂಟರಿಗೋ ಗೆಳೆಯರಿಗೋ ಜಾಮೀನು ಹಾಕಿದ ಸಾಲ ಸುಸ್ತಿಯಾಗಿ ನಮ್ಮ ವರದಿಯಲ್ಲಿಯೂ ಕಾಣಿಸಿಕೊಂಡಿರಬಹುದು. ಇದು ಅಹಿತವಾದರೂ ತಪ್ಪು ವರದಿಯಲ್ಲವೆಂಬುದನ್ನು ನೆನಪಿಡಬೇಕು. ಕಡೆಯದಾಗಿ, ಎಲ್ಲಿಯೋ ಕೊಟ್ಟ ಪ್ಯಾನ್, ಆಧಾರ್‌ಗಳ ಜೆರಾಕ್ಸ್ ಪ್ರತಿಯನ್ನು ಬಳಸಿಕೊಂಡು ಯಾವನೋ ವಂಚಕನು ಮೊಬೈಲ್ ಆ್ಯಪ್‌ನಲ್ಲಿ ಸಾಲವೆತ್ತಿರಬಹುದು. ಇದು ಅಪರಾಧವಾದುದರಿಂದ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿ, ಬಳ್ಳಾರಿಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನು ಮುಂದೆ ಹೇಳುವ ಅರ್ಜಿಗೆ ಲಗತ್ತಿಸಬೇಕು.

ಕೈಯಲ್ಲಿರುವ ಕಾರ್ಡಿಗೆ ಆಗುವುದೇನು

‘ನನ್ನ ಕಾರ್ಡಿನ ಬಿಲ್ಲನ್ನು ನಾನು ಒಂದು ದಿನವೂ ತಪ್ಪಿಸಿಲ್ಲ, ಬೇರೆ ಯಾವುದೋ ಕಂಪನಿಯ ತಪ್ಪು ವರದಿಗೂ ಈ ಕಾರ್ಡಿಗೂ ಏನು ಸಂಬಂಧ?’ ಎಂದು ಕೇಳುವುದು ಸಹಜವೇ ಸರಿ. ಸಂಬಂಧವೇನೆಂದರೆ, ಕಾರ್ಡ್ ಕೊಟ್ಟ ಬ್ಯಾಂಕು ಕೊಡುವ ದಿನ ಒಮ್ಮೆ ಮಾತ್ರ ನಮ್ಮ ವರದಿಯನ್ನು ನೋಡಿ ಸುಮ್ಮನಾಗುವುದಿಲ್ಲ; ಆಗಾಗ್ಗೆ ತನ್ನ ಗ್ರಾಹಕರೆಲ್ಲರ ವರದಿಯನ್ನು ತರಿಸಿಕೊಂಡು ಪರಾಮರ್ಶಿಸುತ್ತಿರುತ್ತದೆ. ಆ ಪರಾಮರ್ಶೆಯಲ್ಲಿ ‘ತೊಂಬತ್ತು ದಿನ ಬಾಕಿ’ ಎಂದೋ ‘ರೈಟ್ ಆಫ್’ ಎಂದೋ ಒಂದು ಪಂಕ್ತಿ ಕಣ್ಣಿಗೆ ಬಿದ್ದರೆ, 300ರಿಂದ 900ರವರೆಗಿನ ಸ್ಕೋರು ತಗ್ಗಿರುವುದು ಕಂಡರೆ, ನಮ್ಮೊಡನೆ ವಿಚಾರಿಸುವ ಮೊದಲೇ ಅದು ತನ್ನ ರಕ್ಷಣೆಯ ಉಪಾಯವನ್ನು ಕೈಗೊಳ್ಳಬಹುದು.

ಆ ಉಪಾಯಗಳು ಅನೇಕ. ಅವಧಿ ಮುಗಿದ ಕಾರ್ಡಿಗೆ ಬದಲಾಗಿ ಹೊಸದು ಬಾರದಿರಬಹುದು. ದೊಡ್ಡ ಖರೀದಿಯನ್ನು ಕಂತುಗಳಾಗಿ ಒಡೆದುಕೊಳ್ಳುವ ಸೌಲಭ್ಯ ನಿಂತುಹೋಗಬಹುದು. ಕಾರ್ಡ್ ತಾತ್ಕಾಲಿಕವಾಗಿ ಸ್ಥಗಿತವಾಗಬಹುದು. ಆದರೆ ಕಣ್ಣಿಗೆ ಅಷ್ಟಾಗಿ ಬೀಳದೆ ಹೆಚ್ಚು ಹಾನಿ ಮಾಡುವುದು ಲಿಮಿಟ್ಟಿನ ಕಡಿತ. ದೃಷ್ಟಾಂತಕ್ಕಾಗಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಬ್ಬ ಸಣ್ಣ ಉದ್ಯಮಿಯನ್ನು ಕಲ್ಪಿಸಿಕೊಳ್ಳೋಣ. ಆತನ ಕಾರ್ಡಿನ ಲಿಮಿಟ್ ಒಂದು ಲಕ್ಷ. ಜಿಪ್ಪು, ಗುಂಡಿ, ದಾರಗಳಿಗಾಗಿ ತಿಂಗಳಿಗೆ ಮೂವತ್ತು ಸಾವಿರ ಖರ್ಚು ಮಾಡಿ ಸಕಾಲದಲ್ಲಿ ತೀರಿಸುತ್ತಾನೆ. ಅಂದರೆ ಲಿಮಿಟ್ಟಿನ ಶೇಕಡ 30ನ್ನು ಬಳಸುತ್ತಾನೆ. ತಪ್ಪು ವರದಿಯಿಂದಾಗಿ ಬ್ಯಾಂಕು ಲಿಮಿಟ್ಟನ್ನು ನಲವತ್ತು ಸಾವಿರಕ್ಕೆ ಇಳಿಸಿತೆಂದರೆ, ಆತನು ಒಂದು ರೂಪಾಯಿಯನ್ನೂ ಹೆಚ್ಚಾಗಿ ಖರ್ಚುಮಾಡದಿದ್ದರೂ ಬಳಕೆ ಶೇಕಡ 75ಕ್ಕೆ ಏರಿದಂತಾಗುತ್ತದೆ. ಲಿಮಿಟ್ಟಿನ ಬಹುಪಾಲನ್ನು ಬಳಸುವವನು ಹಣದ ಅಡಚಣೆಯಲ್ಲಿದ್ದಾನೆಂದು ಎಣಿಸುವುದು ಸ್ಕೋರಿನ ಸ್ವಭಾವವಾದುದರಿಂದ, ಆ ಅಂಕಿ ಮತ್ತಷ್ಟು ಇಳಿಯುತ್ತದೆ. ಅದನ್ನು ಕಂಡು ಎರಡನೆಯ ಬ್ಯಾಂಕೂ ತನ್ನ ಕಾರ್ಡಿನ ಲಿಮಿಟ್ಟಿಗೆ ಕತ್ತರಿ ಹಾಕಬಹುದು. ಯಾರದೋ ಸಾಲದಿಂದ ಆರಂಭವಾದ ದೋಷ ಈ ವಿಧವಾಗಿ ಆತನ ಸ್ವಂತ ಲೆಕ್ಕದೊಳಕ್ಕೂ ಬೇರು ಬಿಡುತ್ತದೆ.

ಇದರೊಡನೆ ಇನ್ನೊಂದು ಸಂಗತಿಯುಂಟು. ಜೆಸ್ಕಾಂ ವಿದ್ಯುತ್ ಬಿಲ್ಲು, ವಿಮೆಯ ಪ್ರೀಮಿಯಂ, ಮೊಬೈಲ್ ಬಾಡಿಗೆ ಇವುಗಳನ್ನು ಕಾರ್ಡಿನಿಂದ ತಾನಾಗಿಯೇ ಕಡಿತವಾಗುವಂತೆ ಏರ್ಪಡಿಸಿಕೊಂಡಿರುವವರ ಕಾರ್ಡ್ ಸ್ಥಗಿತವಾದರೆ, ಆ ಪಾವತಿಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ವಿಮೆ ಊರ್ಜಿತವಾಗಿಲ್ಲವೆಂಬುದು ಆಸ್ಪತ್ರೆಯ ಕೌಂಟರಿನಲ್ಲಿ ತಿಳಿದುಬರುವಂತಾಗಬಾರದು. ಆದುದರಿಂದ ಕಾರ್ಡಿನ ವಿಷಯದಲ್ಲಿ ಸಂಶಯ ಬಂದ ದಿನವೇ ಇವುಗಳನ್ನು ಬ್ಯಾಂಕ್ ಖಾತೆಗೆ ವರ್ಗಾಯಿಸಿಕೊಳ್ಳುವುದು ವಿವೇಕ.

ಬ್ಯಾಂಕಿಗೂ ಇಲ್ಲಿ ಕೆಲವು ಕಟ್ಟಳೆಗಳಿವೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ಕಾರ್ಡುಗಳ ನಿರ್ದೇಶದ ಪ್ರಕಾರ, ಲಿಮಿಟ್ಟನ್ನು ತಗ್ಗಿಸಿದರೆ ಗ್ರಾಹಕನಿಗೆ ತಿಳಿಸತಕ್ಕದ್ದು. ಕಾರ್ಡಿನ ಬಾಕಿಗಾಗಿ ಒಬ್ಬನನ್ನು ಸುಸ್ತಿದಾರನೆಂದು ವರದಿ ಮಾಡುವ ಮೊದಲು ಏಳು ದಿನಗಳ ನೋಟೀಸು ಕೊಡತಕ್ಕದ್ದು. ಬಾಕಿಯ ವಿಷಯದಲ್ಲಿ ತಕರಾರು ಇದ್ದರೆ, ಸಾಧ್ಯವಾದಮಟ್ಟಿಗೂ ಅದು ಇತ್ಯರ್ಥವಾದ ಮೇಲೆಯೇ ವರದಿ ಮಾಡತಕ್ಕದ್ದು. ಚಾಲ್ತಿಗೊಳಿಸದ ಹೊಸ ಕಾರ್ಡಿನ ಬಗೆಗೆ ಯಾವ ವರದಿಯನ್ನೂ ಕಳುಹಿಸಕೂಡದು. ಬಿಲ್ಲಿನ ಗಡುವು ಕಳೆದು ಮೂರು ದಿನಗಳು ಮೀರುವವರೆಗೂ ಬಾಕಿಯೆಂದು ವರದಿ ಮಾಡುವಂತಿಲ್ಲ. ನಿಮ್ಮ ಪ್ರಸಂಗದಲ್ಲಿ ಈ ಕಟ್ಟಳೆಗಳಲ್ಲಿ ಯಾವುದಾದರೊಂದು ಮುರಿದಿದ್ದರೆ, ಅದೇ ನಿಮ್ಮ ಅರ್ಜಿಯ ಮೊದಲ ವಾಕ್ಯವಾಗಬೇಕು.

ಮೊದಲ ದಿನದ ಸಂಯಮ

ತನ್ನದಲ್ಲದ ಸಾಲಕ್ಕೆ ಕರೆ ಬಂದಾಗ ಸಜ್ಜನರಾದವರು ಮಾಡುವ ತಪ್ಪು, ಮಾನಕ್ಕೆ ಅಂಜಿ ಹಣ ಕಟ್ಟಿಬಿಡುವುದು. ‘ಎಂಟು ಸಾವಿರಕ್ಕಾಗಿ ಯಾರು ಅಲೆಯಬೇಕು, ಕೊಟ್ಟು ಕೈತೊಳೆದುಕೊಳ್ಳೋಣ’ ಎಂದು ಹೊರಟರೆ ಆ ಸಾಲ ನಮ್ಮದೆಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಅದರಲ್ಲಿಯೂ ಏಜೆಂಟನ ಮಾತು ಕೇಳಿ ‘ಸೆಟಲ್‌ಮೆಂಟ್’ ಮಾಡಿಕೊಂಡರೆ, ವರದಿಯಲ್ಲಿ ‘ಸೆಟಲ್ಡ್’ ಎಂಬ ಮುದ್ರೆ ಬೀಳುತ್ತದೆ. ಪೂರ್ತಿ ಕಟ್ಟದೆ ರಾಜಿಯಾದವನೆಂಬುದು ಅದರ ಅರ್ಥ. ಆ ಮಾಹಿತಿಯನ್ನು ಸಂಸ್ಥೆಗಳು ಕನಿಷ್ಠ ಏಳು ವರ್ಷ ಇಟ್ಟುಕೊಂಡಿರುತ್ತವೆ. ಸಾಲ ನಿಜವಾಗಿಯೂ ನಿಮ್ಮದೇ ಆಗಿ, ಬಹಳ ಹಳೆಯದಾಗಿದ್ದರೂ ಆತುರ ಸಲ್ಲದು: 1963ರ ಕಾಲಮಿತಿ ಕಾಯಿದೆಯ ಮೇರೆಗೆ, ಅವಧಿ ಮುಗಿಯುವುದರೊಳಗಾಗಿ ಸಾಲವನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಅಥವಾ ಅಂಶತಃ ಪಾವತಿ ಮಾಡಿದರೆ ಅವಧಿ ಹೊಸದಾಗಿ ಆರಂಭವಾಗುತ್ತದೆ.

ಕರೆ ಮಾಡಿದವನಿಗೆ ಹೇಳಬೇಕಾದುದು ಇಷ್ಟೇ: ‘ಈ ಸಾಲ ನನ್ನದಲ್ಲ. ನಿಮ್ಮ ಹೆಸರು, ಕಂಪನಿ, ಸಾಲದ ಖಾತೆ ಸಂಖ್ಯೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇವುಗಳನ್ನು ಬರೆದು ಕಳುಹಿಸಿರಿ.’ ಆತನ ಮಾತಿನಲ್ಲಿ ಬಂದ ವಿವರಗಳನ್ನೂ ದಿನಾಂಕ, ಸಮಯಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಪ್ಯಾನ್, ಆಧಾರ್, ಜನ್ಮದಿನಾಂಕ, ಒಟಿಪಿಗಳನ್ನು ಮಾತ್ರ ಹೇಳಬೇಡಿ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟಿನ ಸುತ್ತೋಲೆಯಂತೆ ಬೆಳಿಗ್ಗೆ 8ಕ್ಕೆ ಮುಂಚೆಯೂ ಸಂಜೆ 7ರ ನಂತರವೂ ವಸೂಲಿಗಾಗಿ ಕರೆ ಮಾಡುವಂತಿಲ್ಲ. ನೆರೆಹೊರೆಯವರ ಮುಂದೆ ಅವಮಾನಪಡಿಸುವುದಂತೂ ಸರ್ವಥಾ ನಿಷಿದ್ಧ.

ಈ ಅವಧಿಯಲ್ಲಿ ಕೈಯಲ್ಲಿರುವ ಕಾರ್ಡಿನ ವಿಷಯದಲ್ಲಿ ಮೂರು ನಿಯಮಗಳನ್ನು ಪಾಲಿಸಿ. ಬಿಲ್ಲನ್ನು ಗಡುವಿಗೆ ಮುಂಚೆಯೇ ಪೂರ್ತಿಯಾಗಿ ಕಟ್ಟಿ. ತಪ್ಪು ವರದಿಯ ಪಕ್ಕದಲ್ಲಿ ನಿಜವಾದ ವಿಳಂಬವೂ ಸೇರಿದರೆ ನಿಮ್ಮ ವಾದ ದುರ್ಬಲವಾಗುತ್ತದೆ. ಲಿಮಿಟ್ಟಿನ ಬಹುಭಾಗವನ್ನು ಬಳಸಬೇಡಿ. ಸಿಟ್ಟಿನಿಂದ ಕಾರ್ಡನ್ನು ರದ್ದುಪಡಿಸಬೇಡಿ. ಹಳೆಯ ಕಾರ್ಡಿನ ಒಳ್ಳೆಯ ಚರಿತ್ರೆಯೇ ಈಗ ನಿಮ್ಮ ಪರವಾದ ಸಾಕ್ಷಿ. ಅವಸರದಿಂದ ಬೇರೆ ಬ್ಯಾಂಕುಗಳಿಗೆ ಹೊಸ ಕಾರ್ಡಿಗಾಗಿ ಸಾಲುಸಾಲಾಗಿ ಅರ್ಜಿ ಹಾಕುವುದೂ ಬೇಡ. ಪ್ರತಿಯೊಂದು ಅರ್ಜಿಯೂ ವರದಿಯಲ್ಲಿ ಒಂದು ವಿಚಾರಣೆಯಾಗಿ ದಾಖಲಾಗುತ್ತದೆ.

ವರದಿಯನ್ನು ತರಿಸಿ ಓದುವ ಬಗೆ

ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಸ್ಕೋರುಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅವುಗಳ ಜಾಲತಾಣಗಳಲ್ಲಿ ಹೆಸರು, ಪ್ಯಾನ್, ಮೊಬೈಲ್ ಸಂಖ್ಯೆ ಕೊಟ್ಟರೆ ಅದು ದೊರೆಯುತ್ತದೆ. ಹಣ ಕೇಳುವ ಮಧ್ಯವರ್ತಿಗಳ ನೆರವು ಅನಾವಶ್ಯಕ. ಸಾಲವನ್ನೋ ಕಾರ್ಡನ್ನೋ ಕೇಳಿ ಅರ್ಜಿ ಹಾಕಿದವನು, ಆ ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ಅದರಿಂದಲೇ ಕೇಳಿ ಪಡೆಯುವುದಕ್ಕೂ 2005ರ ಕಾಯಿದೆಯ 21ನೆಯ ಪ್ರಕರಣದಲ್ಲಿ ಅವಕಾಶವುಂಟು.

ಪ್ರತಿಯೊಂದು ವರದಿಗೂ ಒಂದು ಗುರುತಿನ ಸಂಖ್ಯೆ (ಕಂಟ್ರೋಲ್ ನಂಬರ್) ಇರುತ್ತದೆ. ಅದನ್ನು ಮೊದಲು ಗುರುತು ಹಾಕಿಕೊಳ್ಳಿ. ಆಮೇಲೆ ವೈಯಕ್ತಿಕ ವಿವರಗಳ ಭಾಗದಲ್ಲಿ ನಿಮ್ಮದಲ್ಲದ ವಿಳಾಸ, ಮೊಬೈಲ್ ಸಂಖ್ಯೆ ಇದೆಯೇ ನೋಡಿ. ಸಿರುಗುಪ್ಪವನ್ನು ಬಿಟ್ಟು ಎಲ್ಲಿಯೂ ವಾಸಿಸದವರ ವರದಿಯಲ್ಲಿ ಬೇರೊಂದು ಊರಿನ ವಿಳಾಸ ಕಂಡರೆ, ಇಬ್ಬರ ಕಡತಗಳು ಬೆರೆತಿವೆಯೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಅನಂತರ ಖಾತೆಗಳ ಭಾಗ: ಸಾಲ ಕೊಟ್ಟವರ ಹೆಸರು, ಆರಂಭವಾದ ದಿನ, ಮೊತ್ತ, ನೀವು ಸಾಲಗಾರರೋ ಜಾಮೀನುದಾರರೋ ಎಂಬುದು, ಪ್ರತಿ ತಿಂಗಳೂ ಎಷ್ಟು ದಿನ ಬಾಕಿಯಾಗಿತ್ತೆಂಬ ಅಂಕಿಗಳ ಸಾಲು. ಈ ಸಾಲಿನಲ್ಲಿ ಸೊನ್ನೆಗಳಿದ್ದರೆ ಕ್ಷೇಮ; 30, 60, 90 ಎಂಬಂತೆ ಏರುತ್ತ ಹೋದರೆ ಅನರ್ಥ. ಬೆಳೆಸಾಲ ಮನ್ನಾ ಆಗಿರುವವರು, ಸ್ವಸಹಾಯ ಸಂಘದ ಗುಂಪುಸಾಲವನ್ನು ತೀರಿಸಿರುವವರು, ಆ ಖಾತೆಗಳ ಮುಂದೆ ಏನೆಂದು ಬರೆದಿದೆಯೆಂಬುದನ್ನು ವಿಶೇಷವಾಗಿ ನೋಡಬೇಕು.

ಅರ್ಜಿ ಬರೆಯುವುದು

ತಕರಾರನ್ನು ಎರಡು ಕಡೆಗೆ ಏಕಕಾಲದಲ್ಲಿ ಸಲ್ಲಿಸಿ: ತಪ್ಪು ಕಂಡ ಪ್ರತಿಯೊಂದು ಮಾಹಿತಿ ಸಂಸ್ಥೆಗೂ, ಆ ತಪ್ಪನ್ನು ಕಳುಹಿಸಿದ ಬ್ಯಾಂಕಿಗೂ. ಸಂಸ್ಥೆಗಳ ಜಾಲತಾಣದಲ್ಲಿಯೇ ತಕರಾರಿನ ನಮೂನೆಯಿದ್ದು ಅದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗಾದರೆ ಶಾಖೆಯಲ್ಲಿ ಕೊಟ್ಟು ಸೀಲು, ಸಹಿ, ದಿನಾಂಕಗಳಿರುವ ಸ್ವೀಕೃತಿಯನ್ನು ಪಡೆಯಿರಿ. ‘ಇದು ನಮ್ಮ ಕೈಯಲ್ಲಿಲ್ಲ, ಹೆಡ್ ಆಫೀಸಿಗೆ ಬರೆಯಿರಿ’ ಎಂದರೆ ಇಮೇಲ್ ಮೂಲಕವೂ ಸ್ಪೀಡ್ ಪೋಸ್ಟ್ ಮೂಲಕವೂ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಅರ್ಜಿಯ ಒಕ್ಕಣೆ ಈ ರೀತಿಯದಾಗಿರಬಹುದು:

‘ಮಾನ್ಯರೆ, ತಾರೀಖು ___ರಂದು ಪಡೆದ, ಕಂಟ್ರೋಲ್ ನಂಬರ್ ___ ಉಳ್ಳ ನನ್ನ ವರದಿಯಲ್ಲಿ ತಮ್ಮ ಸಂಸ್ಥೆಯ ___ ಸಂಖ್ಯೆಯ ಸಾಲದ ಖಾತೆಯು ನನ್ನ ಹೆಸರಿನಲ್ಲಿ ಬಾಕಿಯೆಂದು ತೋರಿಸಲ್ಪಟ್ಟಿದೆ. ಈ ಸಾಲವನ್ನು ನಾನು ಪಡೆದಿರುವುದಿಲ್ಲ. ಇದಕ್ಕೆ ಜಾಮೀನನ್ನೂ ಹಾಕಿರುವುದಿಲ್ಲ. ವರದಿಯಲ್ಲಿರುವ ___ ವಿಳಾಸವೂ ___ ಮೊಬೈಲ್ ಸಂಖ್ಯೆಯೂ ನನ್ನವಲ್ಲ. ಸಾಲವು ನನ್ನದೆಂದು ತಾವು ಭಾವಿಸುವಿರಾದರೆ ಸಾಲದ ಅರ್ಜಿ, ಒಪ್ಪಂದ, ಗುರುತಿನ ದಾಖಲೆ ಮತ್ತು ಹಣ ಜಮೆಯಾದ ಖಾತೆಯ ವಿವರಗಳನ್ನು ಒದಗಿಸಬೇಕು. ಅನ್ಯಥಾ ಈ ದಾಖಲೆಯನ್ನು ನಾಲ್ಕೂ ಮಾಹಿತಿ ಸಂಸ್ಥೆಗಳಲ್ಲಿ ತೆಗೆದುಹಾಕಿಸಿ ನನಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಮೂವತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದಲ್ಲಿ ಸಲ್ಲಬೇಕಾದ ಪರಿಹಾರವನ್ನು ___ ಖಾತೆಗೆ ಜಮೆ ಮಾಡತಕ್ಕದ್ದು.’

ಸಾಲ ನಿಮ್ಮದೇ ಆಗಿದ್ದು, ತೀರಿಸಿದ ಮೇಲೂ ಬಾಕಿಯೆಂದು ಕಾಣುತ್ತಿದ್ದರೆ ಬೇಬಾಕಿ ಪತ್ರವನ್ನೂ ಕಡೆಯ ಕಂತಿನ ರಸೀದಿಯನ್ನೂ ಲಗತ್ತಿಸಿ. ತೀರಿದ ಸಾಲದ ಬೇಬಾಕಿ ಪತ್ರವನ್ನು ಮನೆಯ ಪತ್ರಗಳೊಡನೆ ಜೋಪಾನವಾಗಿ ಇಟ್ಟಿರುವವರ ಕೆಲಸ ಇಲ್ಲಿ ಅರ್ಧ ಮುಗಿದಂತೆಯೇ.

ಅರ್ಜಿಯ ಕಡೆಯ ವಾಕ್ಯದಲ್ಲಿ ಹೇಳಿದ ಪರಿಹಾರ ಬರೀ ಬೆದರಿಕೆಯಲ್ಲ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್ 26ರಂದು ಹೊರಡಿಸಿ ಮರುವರ್ಷದ ಏಪ್ರಿಲಿನಿಂದ ಜಾರಿಗೆ ತಂದ ವ್ಯವಸ್ಥೆಯಲ್ಲಿ, ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ದೂರುದಾರನಿಗೆ ಸಲ್ಲತಕ್ಕದ್ದು. ಬ್ಯಾಂಕು 21 ದಿನಗಳೊಳಗೆ ಸರಿಯಾದ ಮಾಹಿತಿಯನ್ನು ಕಳುಹಿಸದಿದ್ದರೆ ಹೊಣೆ ಬ್ಯಾಂಕಿನದು. ಅದು ಸಕಾಲದಲ್ಲಿ ಕಳುಹಿಸಿಯೂ ಮಾಹಿತಿ ಸಂಸ್ಥೆ ತಡಮಾಡಿದರೆ ಹೊಣೆ ಆ ಸಂಸ್ಥೆಯದು. ಇಂತಹ ನಿಯಮ ಬೇಕಾಯಿತೇಕೆ ಎಂಬುದಕ್ಕೆ ಉತ್ತರ 2023ರ ಜೂನಿನ ಒಂದು ಘಟನೆಯಲ್ಲಿದೆ: ಮಾಹಿತಿಯ ನಿಖರತೆ, ತಿದ್ದುಪಡಿಯ ವಿಳಂಬ ಮೊದಲಾದ ಲೋಪಗಳಿಗಾಗಿ ರಿಸರ್ವ್ ಬ್ಯಾಂಕು ನಾಲ್ಕೂ ಸಂಸ್ಥೆಗಳಿಗೆ ಒಟ್ಟು ಸುಮಾರು ಒಂದು ಕೋಟಿ ರೂಪಾಯಿ ದಂಡ ವಿಧಿಸಿತ್ತು.

ಕಾರ್ಡ್ ಕೊಟ್ಟ ಬ್ಯಾಂಕಿಗೆ ಪ್ರತ್ಯೇಕ ಪತ್ರ

ಅನೇಕರು ಇಲ್ಲಿಯೇ ಎಡವುತ್ತಾರೆ. ವರದಿ ತಿದ್ದಿದೊಡನೆ ಕಾರ್ಡಿನ ಲಿಮಿಟ್ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುವುದೆಂದು ತಿಳಿದು ಸುಮ್ಮನೆ ಕಾಯುತ್ತಾರೆ, ಅದು ಮರಳುವುದಿಲ್ಲ. ತಪ್ಪು ಮಾಡಿದವರೊಬ್ಬರು, ಅದನ್ನು ನಂಬಿ ಲಿಮಿಟ್ ಇಳಿಸಿದವರು ಇನ್ನೊಬ್ಬರು. ಎರಡನೆಯವರಿಗೂ ಬೇರೆಯಾಗಿಯೇ ಬರೆಯಬೇಕು. ಮೊದಲ ಪತ್ರದಲ್ಲಿ, ಲಿಮಿಟ್ ಇಳಿಸಿದ ಅಥವಾ ಕಾರ್ಡ್ ತಡೆದ ಕಾರಣವನ್ನು ಕೇಳಿ, ವರದಿಯ ಆ ಭಾಗದ ಮೇಲೆ ತಕರಾರು ಹೂಡಿರುವುದನ್ನು ತಿಳಿಸಿ, ಅದರ ಸಂಖ್ಯೆಯನ್ನು ಕೊಟ್ಟು, ಇತ್ಯರ್ಥವಾಗುವವರೆಗೆ ಮುಂದಿನ ಕ್ರಮವನ್ನು ತಡೆಯುವಂತೆ ಕೋರಿ. ತಿದ್ದುಪಡಿಯಾದ ಮೇಲೆ ನಾಲ್ಕೂ ಸಂಸ್ಥೆಗಳ ಹೊಸ ವರದಿಗಳನ್ನು ಪರಿಶೀಲಿಸಿ, ಅವುಗಳ ಪ್ರತಿಯನ್ನೂ ತಪ್ಪಿತಸ್ಥ ಬ್ಯಾಂಕಿನ ಪತ್ರವನ್ನೂ ಲಗತ್ತಿಸಿ, ಲಿಮಿಟ್ಟನ್ನು ಹಿಂದಿನ ಮೊತ್ತಕ್ಕೆ ಏರಿಸುವಂತೆ ಎರಡನೆಯ ಪತ್ರ ಬರೆಯಿರಿ. ಏರಿಸಲೇಬೇಕೆಂಬ ಕಾನೂನು ಬ್ಯಾಂಕಿನ ಮೇಲಿಲ್ಲವಾದರೂ, ಹತ್ತು ವರ್ಷ ಬಿಲ್ಲು ತಪ್ಪಿಸದ ಗ್ರಾಹಕನು ದಾಖಲೆಗಳೊಡನೆ ಬರೆದ ಪತ್ರವನ್ನು ತಳ್ಳಿಹಾಕಲು ಅದಕ್ಕೆ ಕಾರಣ ಬೇಕಾಗುತ್ತದೆ.

ಮೂವತ್ತು ದಿನಗಳ ಆಚೆಗೆ

ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. 2021ರ ನವೆಂಬರ್ 12ರಂದು ಆರಂಭವಾದ ಏಕೀಕೃತ ಲೋಕಪಾಲ ಯೋಜನೆಗೆ 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಮಾಹಿತಿ ಸಂಸ್ಥೆಗಳೂ ಒಳಪಟ್ಟಿವೆ. ದೂರು ಕೊಡಲು ವಕೀಲರೂ ಬೇಡ, ಶುಲ್ಕವೂ ಇಲ್ಲ. ರಿಸರ್ವ್ ಬ್ಯಾಂಕಿನ ದೂರುಗಳ ಜಾಲತಾಣದಲ್ಲಿ ಸಲ್ಲಿಸಬಹುದು, ವಿವರಗಳಿಗೆ 14448ಕ್ಕೆ ಕರೆ ಮಾಡಬಹುದು. ಮೊದಲೇ ಬ್ಯಾಂಕಿಗೆ ಬರೆದ ಅರ್ಜಿಯ ಪ್ರತಿ ಇಲ್ಲದೆ ಹೋದರೆ ದೂರು ಅಲ್ಲಿಯೇ ನಿಂತುಬಿಡುತ್ತದೆ. ಬಾಯಿಮಾತಿನ ದೂರಿಗೆ ಇಲ್ಲಿ ಬೆಲೆಯಿಲ್ಲ.

ಕಾರ್ಡ್ ತಡೆಯಿಂದ ವ್ಯಾಪಾರಕ್ಕೆ ನಷ್ಟವಾಗಿದ್ದು ಪರಿಹಾರ ಬೇಕೆನ್ನುವವರಿಗೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ಹೂಡಲು ಅವಕಾಶ ಕೊಟ್ಟಿರುವುದರಿಂದ, ಕಾರ್ಡಿನ ಕಚೇರಿ ಮುಂಬಯಿಯಲ್ಲಿದ್ದರೂ ಕುರುಗೋಡಿನವರು ಬಳ್ಳಾರಿಗೆ ಬಂದರೆ ಸಾಕು. ಕಾರಣ ಉಂಟಾದ ಎರಡು ವರ್ಷಗಳೊಳಗೆ ಹೂಡಬೇಕು. ಪಡೆದ ಸೇವೆಗೆ ತೆತ್ತ ಮೊತ್ತ ಐದು ಲಕ್ಷವನ್ನು ಮೀರದ ಪ್ರಕರಣಗಳಿಗೆ ಶುಲ್ಕವಿಲ್ಲ. ಕಾರ್ಡನ್ನು ವ್ಯಾಪಾರಕ್ಕೆ ಬಳಸಿದವನು ಗ್ರಾಹಕನೇ ಎಂಬ ಪ್ರಶ್ನೆ ಏಳಬಹುದಾದುದರಿಂದ ಇಂತಹವರು ಮೊದಲೇ ಕಾನೂನಿನ ಸಲಹೆ ಪಡೆಯುವುದೊಳ್ಳೆಯದು. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಗ್ರಾಹಕ ಸಹಾಯವಾಣಿಯೂ, ನ್ಯಾಯಾಲಯದ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ನೆರವೂ ದೊರೆಯುತ್ತವೆ. ಆಯೋಗದಲ್ಲಿಯೋ ನ್ಯಾಯಾಲಯದಲ್ಲಿಯೋ ಹೂಡಿರುವ ವಿಷಯವನ್ನು ಲೋಕಪಾಲರು ಕೈಗೆತ್ತಿಕೊಳ್ಳುವುದಿಲ್ಲವಾದುದರಿಂದ, ಮೊದಲು ಲೋಕಪಾಲರು, ಆಮೇಲೆ ಆಯೋಗ ಎಂಬ ಕ್ರಮವೇ ಮೇಲು.

ಹಬ್ಬಕ್ಕೊಂದು ವರದಿ

ಇಷ್ಟೆಲ್ಲ ಓಡಾಟವನ್ನು ತಪ್ಪಿಸುವ ಉಪಾಯವೂ ಒಂದುಂಟು, ಅದಕ್ಕೆ ಖರ್ಚಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಈಗ ಬಳಸುವುದೇ ಆಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬಾಕಿಯ ವರದಿ ಹೋದಾಗಲೂ, ಯಾರಾದರೂ ನಿಮ್ಮ ವರದಿಯನ್ನು ತರಿಸಿಕೊಂಡಾಗಲೂ ಸಂದೇಶ ಬರಬೇಕೆಂಬ ನಿಯಮವಿದೆ, ಆದರೆ ಹಳೆಯ ಸಂಖ್ಯೆಗೆ ಹೋದ ಸಂದೇಶದಿಂದ ಯಾರಿಗೆ ಪ್ರಯೋಜನ? ಪ್ಯಾನ್, ಆಧಾರ್, ಬ್ಯಾಂಕ್ ಖಾತೆಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರುವಂತೆ ತಿದ್ದಿಸಿಕೊಳ್ಳಿ.

ನಾಲ್ಕು ಸಂಸ್ಥೆಗಳ ನಾಲ್ಕು ಉಚಿತ ವರದಿಗಳನ್ನು ಒಂದೇ ದಿನ ತರಿಸಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಸಂಕ್ರಾಂತಿಗೊಂದು, ಯುಗಾದಿಗೊಂದು, ನಾಗರಪಂಚಮಿಗೊಂದು, ದೀಪಾವಳಿಗೊಂದು ಎಂದು ಇಟ್ಟುಕೊಂಡರೆ ವರ್ಷವಿಡೀ ನಮ್ಮ ಲೆಕ್ಕದ ಮೇಲೆ ನಮ್ಮ ಕಣ್ಣಿರುತ್ತದೆ. ಬಳ್ಳಾರಿಯ ಪೇಟೆಯಲ್ಲಿ ದೀಪಾವಳಿಯಂದು ಖಾತೆಪುಸ್ತಕಕ್ಕೆ ಪೂಜೆ ಮಾಡಿ ಹೊಸ ಲೆಕ್ಕ ತೆರೆಯುವ ವರ್ತಕರು, ಪುಟ ತಿರುವುವ ಮುನ್ನ ಹಳೆಯ ಲೆಕ್ಕದ ಬಾಕಿಗಳನ್ನು ಒಮ್ಮೆ ಓದಿ ನೋಡುತ್ತಾರೆ. ನಮ್ಮ ಹೆಸರಿನಲ್ಲಿ ದೂರದಲ್ಲಿ ಎಲ್ಲಿಯೋ ಒಂದು ಖಾತೆಪುಸ್ತಕವಿದೆ. ಅದನ್ನು ಬರೆಯುವವನಿಗೆ ಗಿರಣಿಯ ಎರ್ರಿಸ್ವಾಮಿ ಯಾರು, ಟೇಲರ್ ಎರ್ರಿಸ್ವಾಮಿ ಯಾರು ಎಂಬುದು ತಿಳಿಯದು. ತಿಳಿದಿರುವವರು ನಾವಾದುದರಿಂದ, ಓದಿ ತಿದ್ದಿಸಬೇಕಾದವರೂ ನಾವೇ.